ಇ85 ತುಂಬಿಸುವ ಮೊದಲು ಅಳೆದು ನೋಡಿ

ಇ85 ಅಂದರೆ ಎಥನಾಲ್ ಮತ್ತು ಪೆಟ್ರೋಲ್ ಬೆರೆಸಿದ ಇಂಧನ. ಬಂಕಿನ ಫಲಕದಲ್ಲಿ ಹಾಗೆ ಬರೆದಿದ್ದರೆ ಶೇ. 85 ಎಥನಾಲ್ ಇದ್ದೇ ಇರುತ್ತದೆ ಅಂತ ನಾನೂ ನಂಬಿದ್ದೆ. ಅಮೆರಿಕದ ಮಾನದಂಡದಲ್ಲೇ ಶೇ. 51ರಿಂದ 83ರವರೆಗೆ ಎಷ್ಟಿದ್ದರೂ ನಡೆಯುತ್ತದೆ. ಚಳಿಗಾಲದಲ್ಲಿ ಎಥನಾಲ್ ಪಾಲು ಕಡಿಮೆ ಇರುತ್ತದೆ.

ಅದಕ್ಕೇ ಅಳತೆಗೆರೆ ಇರುವ ಗಾಜಿನ ಕೊಳವೆ ಈಗ ಡಿಕ್ಕಿಯಲ್ಲೇ ಇರುತ್ತದೆ. 50 ಮಿ.ಲೀ. ನೀರು, ಅದರ ಮೇಲೆ 50 ಮಿ.ಲೀ. ಇಂಧನ ಹಾಕಿ. ಮುಚ್ಚಳ ಬಿಗಿದು ಅಲ್ಲಾಡಿಸಿ, ಪದರ ಬೇರೆಯಾಗುವವರೆಗೆ ಕಾಯಿರಿ. (ಬೆಂಕಿ, ಬಿಸಿ ಎಂಜಿನ್ ಹತ್ತಿರ ಬೇಡ.) ಎಥನಾಲ್ ನೀರಿನ ಜೊತೆ ಸೇರಿಕೊಳ್ಳುತ್ತದೆ, ಪೆಟ್ರೋಲ್ ತೇಲುತ್ತದೆ. ಮೇಲೆ 11 ಮಿ.ಲೀ. ಉಳಿದರೆ ಎಥನಾಲ್ 39, ಅಂದರೆ ಸುಮಾರು ಶೇ. 78.

ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇ85ಕ್ಕೆ 9.8 ಸಾಕು. ಹಾಗಾಗಿ ಅಷ್ಟೇ ಗಾಳಿಗೆ ತೂಕದಲ್ಲಿ ಅರ್ಧದಷ್ಟು ಹೆಚ್ಚು ಇಂಧನ ಹರಿಯಬೇಕು: ದೊಡ್ಡ ಇಂಜೆಕ್ಟರ್, ಗಟ್ಟಿ ಪಂಪ್, ಎಥನಾಲ್ ತಾಳುವ ಪೈಪು. ಟ್ಯೂನ್ (ಎಂಜಿನ್ ಕಂಪ್ಯೂಟರಿನ ಇಂಧನ ಹೊಂದಾಣಿಕೆ) ಬದಲಿಸದೆ ತುಂಬಿಸಿದರೆ ಮಿಶ್ರಣ ಬಡಕಲಾಗಿ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗದೆ, ಪಿಸ್ಟನ್‌ಗೇ ಕುತ್ತು. ಇಂಧನದಲ್ಲಿ ಎಥನಾಲ್ ಎಷ್ಟಿದೆ ಅಂತ ಅಳೆಯುವ ಫ್ಲೆಕ್ಸ್ ಸೆನ್ಸರ್ ಹಾಕಿಸಿದ ಮೇಲೆ ನನಗೆ ನೆಮ್ಮದಿಯ ನಿದ್ದೆ.

ಹಳೆಯ ಟ್ಯಾಂಕಿನ ಕೊಳೆಯನ್ನೂ ಎಥನಾಲ್ ಎಬ್ಬಿಸುತ್ತದೆ. ಮೊದಲ ಟ್ಯಾಂಕಿನಲ್ಲೇ ನನ್ನ ಫಿಲ್ಟರ್ ಕಟ್ಟಿಕೊಂಡು ಕಾರು ಜಗ್ಗಾಡಿತು. ಆಮೇಲಿಂದ ಒಂದು ಫಿಲ್ಟರ್ ಜೊತೆಗೇ ಇಟ್ಟುಕೊಂಡಿರುತ್ತೇನೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಾದರೆ ಇ85 ಖಾಲಿ ಮಾಡಿ, ಅದು ಗಾಳಿಯ ತೇವ ಹೀರುತ್ತದೆ.