ಹಳೆ ಸ್ವೀಡಿಶ್ ಹಿತ್ತಾಳೆ ದೀಪಕ್ಕೆ ಹೊಸ ವೈರ್ ಹಾಕಿದ ನನ್ನ ಅನುಭವ

ದಕ್ಷಿಣ ಸ್ವೀಡನ್ನಿನ ಹಳೆ ಸಾಮಾನಿನ ಸಂತೆಗಳಲ್ಲಿ 1950-60ರ ದಶಕದ ತೂಗುದೀಪಗಳು ಇವತ್ತಿಗೂ ಸಿಗುತ್ತವೆ. ಇಲ್ಲಿನ ಮಾರ್ಕಾರಿಡ್ ಊರಿನಲ್ಲಿ ದೀಪ ವಿನ್ಯಾಸಕ ಹಾನ್ಸ್-ಆಗ್ನೆ ಯಾಕೋಬ್ಸನ್ ಅವರ ಕಾರ್ಖಾನೆ ಇತ್ತು, ಅಲ್ಲೇ ಹತ್ತಿರದ ವಿಟ್‌ಶೋನಲ್ಲಿ ದೀಪ ಮಾಡುವ ಲುಕ್ಸುಸ್ ಕಂಪನಿ. ಅಂಥ ಹೆಸರಿದ್ದರೆ ಬೆಲೆ ಏರುತ್ತದೆ. ನಾನು ಮಾಲ್ಮೋ ನಗರದ ನಮ್ಮ ಮನೆಗೆ ತಂದದ್ದು ಯಾವ ಚೀಟಿಯೂ ಇಲ್ಲದ ದೀಪ. ಹಿತ್ತಾಳೆಯ ಕೊಳವೆ, ಹಿತ್ತಾಳೆಯ ಛತ್ರಿ (ಶೇಡ್), ಎರಡರ ನಡುವೆ ಕಡೆದು ಮಾಡಿದ ತೇಗದ ತುಂಡು. ಹೆಸರಿಲ್ಲದಿದ್ದರೆ ಏನಂತೆ, ಕೆಲಸ ಅಷ್ಟೇ ಅಚ್ಚುಕಟ್ಟು.

ಕೊಳ್ಳುವ ಮೊದಲು ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿಕೊಂಡರೆ ಅದು ಕಬ್ಬಿಣದ ಮೇಲೆ ಕೊಟ್ಟ ಹಿತ್ತಾಳೆ ಲೇಪ, ಜಾಸ್ತಿ ಉಜ್ಜಿದರೆ ಲೇಪವೇ ಹೋಗುತ್ತದೆ.

ನಾನು ಪಾಲಿಸುವ ಕ್ರಮ ಇಷ್ಟೇ: ಕರೆಂಟು ಹರಿಯುವ ಭಾಗವೆಲ್ಲ ಹೊಸದಾಗಬೇಕು, ಹಿತ್ತಾಳೆಯನ್ನೂ ಮರವನ್ನೂ ಆದಷ್ಟು ಕಡಿಮೆ ಮುಟ್ಟಬೇಕು. ತುಂಬಾ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಹಿತ್ತಾಳೆ ಫಳಫಳ ಅನ್ನುತ್ತಿರುತ್ತದೆ, ಒಳಗೆ ಅದೇ ಹಳೆ ವೈರ್. ಈ ದೀಪದ ವೈರನ್ನು ಹೋಲ್ಡರ್ ಹತ್ತಿರ ಸ್ವಲ್ಪ ಬಗ್ಗಿಸಿದೆ, ಹೊದಿಕೆ ಪುಡಿಪುಡಿಯಾಗಿ ಉದುರಿ ತಾಮ್ರದ ಎಳೆ ಕಾಣಿಸಿತು. 60 ವ್ಯಾಟ್ ಬಲ್ಬಿನ ಶಾಖ ವರ್ಷಗಟ್ಟಲೆ ತಿಂದ ವೈರ್ ಅದು.

ಅದಕ್ಕೇ ಮೊದಲು ವೈರಿಂಗ್. ಯುರೋಪಿನ ದೀಪಗಳ ಕೊಳವೆಗೆ ಸಾಮಾನ್ಯವಾಗಿ 10 ಮಿ.ಮೀ. ಅಗಲದ, 1 ಮಿ.ಮೀ. ಅಂತರದ ಮರೆ, ಅಂದರೆ ಸ್ಕ್ರೂವಿನಂಥ ಸುರುಳಿ ಗೀರು, ಇರುತ್ತದೆ. ಸ್ಕ್ರೂ ಬಲ್ಬ್ ಹಾಕುವ ಹೊಸ ಇ27 ಹೋಲ್ಡರ್ ಹಳೆ ಕೊಳವೆಗೆ ನೇರ ಕೂತುಬಿಟ್ಟಿತು. ಹಳೆ ವೈರಿನಲ್ಲಿ ಎರಡೇ ಎಳೆ ಇದ್ದವು. ಮೈಯೆಲ್ಲ ಲೋಹ ಇರುವ ದೀಪಕ್ಕೆ ಅದು ಸಾಲದು, ಹಾಗಾಗಿ ಮೂರು ಎಳೆಯ ಬಟ್ಟೆ ಹೊದಿಕೆಯ ವೈರ್ ತಂದು, ಹಳದಿ-ಹಸಿರು ಅರ್ಥ್ ಎಳೆಯನ್ನು ಹಿತ್ತಾಳೆಗೆ ಸ್ಕ್ರೂ ಹಾಕಿ ಬಿಗಿದೆ. ಆಮೇಲೆ ವೈರಿನ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರ್ ಹಿಡಿದೆ. ಅರ್ಥ್ ಎಳೆಗೂ ಛತ್ರಿಗೂ ಸಂಪರ್ಕ ಇರಬೇಕು, ಉಳಿದ ಎರಡು ಎಳೆಗೂ ಛತ್ರಿಗೂ ಇರಲೇಬಾರದು. ನಮ್ಮ ಚಾವಣಿಯಲ್ಲಿ ಅರ್ಥ್ ವೈರ್ ಇತ್ತು. ಇಲ್ಲಿನ ಹಳೆ ಫ್ಲ್ಯಾಟುಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ, ಆಗ ಎಲೆಕ್ಟ್ರಿಷಿಯನ್ ಕರೆಸಿ, ಸುಮ್ನೆ ಧೈರ್ಯ ಮಾಡಬೇಡಿ.

ಇನ್ನು ಹಿತ್ತಾಳೆ. ನಮ್ಮವರ ಕೈ ನೇರ ಹುಣಸೆಹಣ್ಣಿಗೆ ಹೋಗುತ್ತದೆ, ಅಲ್ವಾ? ಆದರೆ ಈ ದೀಪಗಳ ಮೇಲೆ ಹೆಚ್ಚಾಗಿ ತೆಳುವಾದ ಲ್ಯಾಕರ್, ಅಂದರೆ ಬಣ್ಣವಿಲ್ಲದ ವಾರ್ನಿಷ್ ಪದರ, ಇರುತ್ತದೆ. ಅದು ಒಡೆದ ಕಡೆ ಮಾತ್ರ ಕಪ್ಪು ಮಚ್ಚೆ, ಉಳಿದ ಕಡೆ ಬಂಗಾರದ ಬಣ್ಣ. ಲ್ಯಾಕರ್ ಇರುವ ತನಕ ಹುಣಸೆಯ ಹುಳಿ ಒಳಗೆ ಇಳಿಯುವುದೇ ಇಲ್ಲ. ಕಿಟಕಿ ತೆರೆದಿಟ್ಟು, ಹತ್ತಿಗೆ ಅಸಿಟೋನ್ ಹಚ್ಚಿ ಮೆಲ್ಲಗೆ ಒರೆಸಿದೆ, ಅಂಟಂಟಾಗಿ ಎದ್ದು ಬಂತು. ಆಮೇಲೆ ತೆಳುವಾದ ಹುಣಸೆ ರಸ, ಸ್ವಲ್ಪವೇ ಹೊತ್ತು. ಜಾಸ್ತಿ ಬಿಟ್ಟರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚೆನ್ನಾಗಿ ತೊಳೆದು, ಮರೆಯ ಸಂದಿಯಲ್ಲೂ ನೀರು ನಿಲ್ಲದ ಹಾಗೆ ಒಣಗಿಸಿ, ಮೇಣ ಸವರಿದೆ. ಕಿಲುಬು ಹೋಯಿತು, ಹಳೆಯ ಕಂದು ಛಾಯೆ ಹಾಗೇ ಉಳಿಸಿಕೊಂಡೆ. ಅದೇ ಅದರ ಚೆಂದ.

ತೇಗಕ್ಕೆ ಹೆಚ್ಚೇನೂ ಬೇಕಿರಲಿಲ್ಲ. ತೀರಾ ನಯವಾದ ಉಪ್ಪು ಕಾಗದದಲ್ಲಿ ಮರದ ಎಳೆ ಹೋಗುವ ದಿಕ್ಕಿಗೆ ಒಂದೆರಡು ಸಲ ತಿಕ್ಕಿ, ಅಗಸೆ ಎಣ್ಣೆ ಹಚ್ಚಿ, ಮಿಕ್ಕಿದ್ದನ್ನು ಒರೆಸಿದೆ. ಎಣ್ಣೆ ಕುಡಿದ ಕೂಡಲೇ ಮಾಸಲು ಬೂದು ಹೋಗಿ ಕೆಂಗಂದು ಎದ್ದಿತು. ಆ ಎಣ್ಣೆ ಬಟ್ಟೆಯನ್ನು ಮಾತ್ರ ಮುದುರಿ ಬಿಸಾಡಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿಡಿ.

ಊಟದ ಮೇಜಿನಿಂದ ಸುಮಾರು 60 ಸೆಂ.ಮೀ. ಎತ್ತರಕ್ಕೆ ತೂಗುಹಾಕಿದ್ದೇನೆ. ಕೂತವರ ಕಣ್ಣಿಗೆ ಬಲ್ಬ್ ರಾಚುವುದಿಲ್ಲ, ಬೆಳಕೆಲ್ಲ ತಟ್ಟೆಯ ಮೇಲೆ. ಡಿಸೆಂಬರಿನಲ್ಲಿ ಇಲ್ಲಿ ಮೂರೂವರೆಗೆಲ್ಲ ಹೊತ್ತು ಮುಳುಗುತ್ತದೆ, ಇಷ್ಟು ತಗ್ಗಿನ ದೀಪ ಯಾಕೆ ಬೇಕು ಅನ್ನುವುದು ಆಗ ತಿಳಿಯುತ್ತದೆ. ಬಲ್ಬ್ 806 ಲುಮೆನ್, 2700 ಕೆಲ್ವಿನ್ (ಬೆಚ್ಚನೆ ಹಳದಿ ಬೆಳಕಿನ) ಎಲ್‌ಇಡಿ. ಹಳೆ 60 ವ್ಯಾಟಿನಷ್ಟೇ ಬೆಳಕು, ಆದರೆ ಶಾಖ ಬಹಳ ಕಡಿಮೆ, ತೇಗ ಬಿರುಕು ಬಿಡುವ ಭಯ ಇಲ್ಲ.

ಇಂಥದ್ದನ್ನು ಊರಿಗೆ ಒಯ್ಯುವವರು ಹೋಲ್ಡರ್ ಬದಲಿಸಬೇಕಿಲ್ಲ. ವೋಲ್ಟೇಜ್ ಎರಡೂ ಕಡೆ 230, ಸ್ಕ್ರೂ ಬಲ್ಬ್ ಅಲ್ಲೂ ಸಿಗುತ್ತದೆ. ಮಂಗಳೂರು, ಕಾರವಾರದ ಕಡೆಯವರಾದರೆ ಮೇಣವನ್ನು ಆಗಾಗ ಮತ್ತೆ ಸವರುತ್ತಿರಿ, ಉಪ್ಪು ಗಾಳಿಗೆ ಹಿತ್ತಾಳೆ ಬೇಗ ಕಪ್ಪಾಗುತ್ತದೆ.