ಭರಣಿ ಗಾಳಿಗೆ ಮೊದಲು ಬೇವಿನ ಟೊಂಗೆ ಇಳಿಸುವುದು ಹೇಗೆ?

ಕೊಪ್ಪಳ, ಕುಷ್ಟಗಿ ಕಡೆ ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆಯ ಗಾಳಿ ಎದ್ದಿತೆಂದರೆ ಮಳೆ ನಾಲ್ಕು ಹನಿ, ಧೂಳು ಊರ ತುಂಬ. ಮರುದಿನ ಬೆಳಿಗ್ಗೆ ನನ್ನ ಮೊಬೈಲ್‌ಗೆ ಬಿಡುವಿರುವುದಿಲ್ಲ. ಬೇವಿನ ಟೊಂಗೆ ತಗಡಿನ ಶೆಡ್ಡಿನ ಮೇಲೆ ಬಿದ್ದಿದೆ, ಬೇಗ ಬನ್ನಿ ಎನ್ನುತ್ತಾರೆ. ವಾರದ ಹಿಂದೆ ಕರೆದಿದ್ದರೆ ಟೊಂಗೆಯೊಂದೇ ಇಳಿಯುತ್ತಿತ್ತು, ತಗಡು ಉಳಿಯುತ್ತಿತ್ತು. ಮರ ಹತ್ತಿ ಚೈನ್‌ಸಾ ಹಿಡಿಯುವುದು ನನ್ನ ಕಸುಬು. ಇದನ್ನು ಓದಿ ಯಾರೂ ಮರ ಹತ್ತಬೇಕಿಲ್ಲ; ಹತ್ತಿಸುವವರಿಗೆ ಕೆಲಸದ ಗುರುತು ಸಿಕ್ಕರೆ ಸಾಕು.

ಮೊದಲ ಅರ್ಧ ಗಂಟೆ ಮಷಿನ್ ಚೀಲದಲ್ಲೇ ಇರಲಿ. ಮರದ ಸುತ್ತ ನಿಧಾನವಾಗಿ ಎರಡು ಸುತ್ತು ಹಾಕಿ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿರಬಹುದು. ಮರದ ಸುತ್ತಿಗೆಯಿಂದ ಬೊಡ್ಡೆಯನ್ನು ತಟ್ಟಿದಾಗ ಖಾಲಿ ಕೊಡದ ಸದ್ದು ಬಂದರೆ ನಾನು ಹತ್ತುವುದಿಲ್ಲ, ಎಷ್ಟು ಕೊಟ್ಟರೂ. ಹೆಜ್ಜೇನು ಇದೆಯೇ ಎಂದು ಮೇಲೆ ನೋಡಿ. ಕರೆಂಟಿನ ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ ತಿಳಿಸಿ, ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದ ಖಾತ್ರಿ, ಸಿಕ್ಕ ಮೇಲೆಯೇ ಕೆಲಸ. ಹಸಿ ಟೊಂಗೆಯಲ್ಲಿ ವಿದ್ಯುತ್ ಹರಿಯುತ್ತದೆ. ಇಡೀ ಮರವನ್ನೇ ಉರುಳಿಸುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಟೊಂಗೆಯಷ್ಟೇ ಎಂದರೂ ಕೇಳಿ ಮಾಡುವುದು ಲೇಸು.

ಟೊಂಗೆ ಬೀಳುವ ಜಾಗದ ಸುತ್ತ ಹಗ್ಗ ಕಟ್ಟಿ, ಒಬ್ಬರನ್ನು ಕಾವಲು ನಿಲ್ಲಿಸಿ. ಜನ ಹೇಳಿದರೆ ಕೇಳುತ್ತಾರೆ. ಬೇವಿನ ಸೊಪ್ಪಿನ ವಾಸನೆಗೆ ಬರುವ ಆಡುಗಳು ಕೇಳುವುದಿಲ್ಲ. ನನ್ನ ಕೆಲಸ ಅತಿ ಹೆಚ್ಚು ಸಲ ನಿಂತಿರುವುದು ಅವುಗಳಿಂದಲೇ.

ಮಷಿನ್ ಸಿದ್ಧಪಡಿಸುವುದು ನೆಲದ ಮೇಲೆ. ಈಗಿನ ಹೆಚ್ಚಿನ ಚೈನ್‌ಸಾಗಳಿಗೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತಾರೆ. ನಿಮ್ಮದರ ಅಳತೆ ಅದರ ಕೈಪಿಡಿಯಲ್ಲಿರುತ್ತದೆ. ಚೈನ್ ಕೆಳಗೆ ಜೋತಾಡಬಾರದು, ಆದರೆ ಕೈಗವಸು ಹಾಕಿ ಎಳೆದರೆ ಸಲೀಸಾಗಿ ಸರಿಯಬೇಕು. ಚೈನ್ ತಿರುಗದಂತೆ ಹಿಡಿಯುವ ಬ್ರೇಕ್ ಹಾಕಿಯೇ ಶುರು ಮಾಡಿ. ಶಿರಸ್ತ್ರಾಣ, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಚೈನ್ ತಗುಲಿದರೆ ಅದರ ಹಲ್ಲಿಗೆ ಎಳೆ ಸುತ್ತಿಕೊಂಡು ನಿಲ್ಲಿಸುವ ಪ್ಯಾಂಟು, ಇಷ್ಟೂ ಬೇಕು. ಲುಂಗಿ ಎತ್ತಿ ಕಟ್ಟಿ ಏಣಿ ಹತ್ತಿ ಒಂದೇ ಕೈಯಲ್ಲಿ ಮಷಿನ್ ಓಡಿಸುವವರನ್ನು ಕಂಡಿದ್ದೇನೆ. ಧೈರ್ಯ ಮೆಚ್ಚಲಿಲ್ಲ, ಮನೆಯವರು ನೆನಪಾದರು.

ಹತ್ತಲು ಮರಳಿನ ಸಣ್ಣ ಚೀಲ ಕಟ್ಟಿದ ತೆಳು ದಾರವನ್ನು ಗಟ್ಟಿ ಕವಲಿನ ಮೇಲೆ ಎಸೆದು, ಅದರ ಹಿಂದೆ ಹಗ್ಗವನ್ನು ಎಳೆದುಕೊಳ್ಳುತ್ತೇವೆ. ಇಬ್ಬರು ಜೋತು ಬಿದ್ದು ಪರೀಕ್ಷಿಸಿದ ಮೇಲೆಯೇ ಸೊಂಟಪಟ್ಟಿಗೆ ಸಿಕ್ಕಿಸುವುದು. ಹಗ್ಗದ ಮೇಲಿನ ಗಂಟು, ಕೈಯಿಂದ ಸರಿಸಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ. ಬೂಟಿಗೆ ಕಟ್ಟುವ ಮೊಳೆ ಉಳಿಯಬೇಕಾದ ಮರಕ್ಕೆ ಬೇಡ. ಒಂದೊಂದು ಹೆಜ್ಜೆಯೂ ಒಂದು ಗಾಯ. ಕುಳಿತ ಟೊಂಗೆಯನ್ನೇ ಕಡಿದವನ ಕಥೆ ಎಲ್ಲರಿಗೂ ಗೊತ್ತು. ಚೈನ್‌ಸಾ ಹಿಡಿದವನು ಹೆದರಬೇಕಾದ್ದು ತನ್ನ ಹಗ್ಗವನ್ನೇ ಕೊಯ್ದುಕೊಳ್ಳುವುದಕ್ಕೆ. ಅದಕ್ಕೇ ಮಷಿನ್ ಶುರು ಮಾಡುವ ಮೊದಲು ಒಳಗೆ ಉಕ್ಕಿನ ತಂತಿಯಿರುವ ಎರಡನೆಯ ಹಗ್ಗವನ್ನು ಬೊಡ್ಡೆಗೆ ಸುತ್ತಿ ಕಟ್ಟಿಕೊಳ್ಳಬೇಕು.

ಇನ್ನು ಕೊಯ್ತ. ತೊಡೆ ಗಾತ್ರದ ಟೊಂಗೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅರ್ಧದಲ್ಲೇ ಮುರಿದು, ಬಾಳೆಹಣ್ಣಿನ ಸಿಪ್ಪೆಯಂತೆ ಬೊಡ್ಡೆಯ ತೊಗಟೆಯನ್ನು ಸುಲಿದುಕೊಂಡೇ ಬೀಳುತ್ತದೆ. ಆದ್ದರಿಂದ ಮೂರು ಕೊಯ್ತ. ಮೊದಲನೆಯದು ಬೊಡ್ಡೆಯಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ, ದಪ್ಪದ ಕಾಲು ಭಾಗದಷ್ಟು. ಇನ್ನೂ ಆಳಕ್ಕೆ ಹೋದರೆ ಮಷಿನ್ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಅದಕ್ಕಿಂತ ಒಂದೆರಡು ಇಂಚು ಆಚೆ, ಮೇಲಿನಿಂದ. ಟೊಂಗೆ ಮುರಿದರೂ ಸೀಳು ಮೊದಲ ಕೊಯ್ತಕ್ಕೆ ಬಂದು ನಿಲ್ಲುತ್ತದೆ. ಕೆಳಗೆ ಶೆಡ್ ಇದ್ದರೆ ಟೊಂಗೆಗೆ ಮೊದಲೇ ಹಗ್ಗ ಕಟ್ಟಿ ಮೇಲಿನ ಕವಲಿನಿಂದ ಇಳಿಬಿಡಿ. ಕೆಳಗಿನ ಜೊತೆಗಾರ ಆ ಹಗ್ಗವನ್ನು ಬೊಡ್ಡೆಗೆ ಎರಡು ಮೂರು ಸುತ್ತು ಹಾಕಿ, ಬಾವಿಗೆ ಕೊಡ ಬಿಡುವಂತೆ ಸಡಿಲಿಸುತ್ತಾನೆ. ಕೈಗೆ ಮಾತ್ರ ಸುತ್ತಿಕೊಳ್ಳಬಾರದು. ಚೈನ್ ಸುತ್ತುವ ಉದ್ದನೆಯ ಪಟ್ಟಿಯ, ಅಂದರೆ ಬಾರಿನ, ಮೂತಿಯ ಮೇಲಂಚು ಯಾವ ಕಟ್ಟಿಗೆಗೂ ತಗುಲದಿರಲಿ. ತಗುಲಿದರೆ ಮಷಿನ್ ಮುಖದ ಕಡೆಗೇ ಸಿಡಿಯುತ್ತದೆ. ಎರಡೂ ಕೈ ಹಿಡಿಯಲ್ಲಿರಲಿ, ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿರಲಿ.

ಮೂರನೆಯ ಕೊಯ್ತದಲ್ಲೇ ಕೆಲಸಗಾರನ ಗುಣ ತಿಳಿಯುವುದು. ಟೊಂಗೆ ಬೊಡ್ಡೆಗೆ ಕೂಡುವಲ್ಲಿ ತೊಗಟೆ ಬಳೆಯಂತೆ ತುಸು ಉಬ್ಬಿರುತ್ತದೆ. ಆ ಉಬ್ಬನ್ನು ಉಳಿಸಿ, ಅದರ ಹೊರಗೆ ಕೊಯ್ಯಬೇಕು. ಬೊಡ್ಡೆಗೆ ಸಮವಾಗಿ ಕೊಯ್ದರೆ ಮನೆಯವರ ಕಣ್ಣಿಗೆ ಅಚ್ಚುಕಟ್ಟು, ಮರಕ್ಕೆ ದೊಡ್ಡ ಹುಣ್ಣು. ಮೋಟು ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಚೈನ್‌ಸಾದಿಂದ ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಗೋಡೆ ಕಟ್ಟುವ ಜಾಗವೇ ಆ ಉಬ್ಬು. ಕೊಯ್ದ ಮೇಲೆ ಬಣ್ಣ, ಟಾರು ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ.

ಒಮ್ಮೆಗೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಮರದಿಂದ ಇಳಿಯುವುದು ನನ್ನ ನಿಯಮ. ಬೆವರಿದ ಕೈಯಲ್ಲಿ ಗಂಟು ನಿಲ್ಲುವುದಿಲ್ಲ. ಇಳಿದ ಮೇಲೆ ಕಾವಲಿನ ಹಗ್ಗ ಬಿಚ್ಚಿ. ಸೊಪ್ಪಿನ ವಿಲೇವಾರಿ ಆಡುಗಳಿಗೆ ಬಿಟ್ಟದ್ದು.