ಕಲ್ಲು ಕಮ್ಮಿ ಮಾಡಿದ್ಮೇಲೇ ನನ್ನ ರೀಫ್ ಟ್ಯಾಂಕ್ ಸರಿಹೋಗಿದ್ದು

ನನ್ನ ರೀಫ್ ಟ್ಯಾಂಕ್, ಅಂದ್ರೆ ಕೋರಲ್ (ಹವಳ) ಬೆಳೆಸೋ ಉಪ್ಪುನೀರಿನ ಅಕ್ವೇರಿಯಂ, ದೊಡ್ಡದೇನಲ್ಲ, 60 ಸೆಂಟಿಮೀಟರ್ ಉದ್ದ, 45 ಅಗಲ, 40 ಎತ್ತರ, ಕಂಠಪೂರ್ತಿ ತುಂಬಿದ್ರೆ 108 ಲೀಟರ್. ಮೊದಲ್ನೇ ಸಲ 4 ಲೀಟರಿಗೆ ಅರ್ಧ ಕೆಜಿ ಕಲ್ಲು ಅನ್ನೋ ಹಳೇ ಲೆಕ್ಕ ನಂಬ್ಕೊಂಡು 14 ಕೆಜಿ ತಂದು ಹಿಂದಿನ ಗಾಜಿಗೆ ಒರಗಿಸಿ ಕಾಂಪೌಂಡ್ ಗೋಡೆ ಥರ ಪೇರಿಸ್ಬಿಟ್ಟಿದ್ದೆ. ಆರು ತಿಂಗಳಲ್ಲಿ ಅದ್ರ ಹಿಂದೆ ಮೀನಿನ ಹಿಕ್ಕೆ, ತಿನ್ನದೇ ಬಿಟ್ಟ ಫುಡ್ಡು ಎಲ್ಲಾ ಸೇರಿ ಕೊಳೆತು ನೀರಲ್ಲಿ ನೈಟ್ರೇಟ್ (ಆ ಕೊಳೆಯಿಂದ ಆಗೋ ಕಲ್ಮಶ) ಇಳಿಯೋದೇ ಇಲ್ಲ, ಗಾಜು ಉಜ್ಜೋಣ ಅಂದ್ರೆ ಕ್ಲೀನಿಂಗ್ ಮ್ಯಾಗ್ನೆಟ್ಟೂ ಹೋಗಲ್ಲ ಕೈಯೂ ಹೋಗಲ್ಲ. ಸಾಲದ್ದಕ್ಕೆ ಪಿಸ್ಟಲ್ ಶ್ರಿಂಪ್ ಅನ್ನೋ ಬಿಲ ತೋಡೋ ಸಿಗಡಿ, ಕಲ್ಲಿನ ಬುಡದ ಮರಳು ತೋಡಿ ತೋಡಿ ಒಂದು ರಾತ್ರಿ ಮೇಲಿನ ಕಲ್ಲು ಧೊಪ್ ಅಂತ ಬಿತ್ತು. ಗಾಜು ಒಡೀಲಿಲ್ಲ, ಪುಣ್ಯ.

ಎರಡ್ನೇ ಸಲ ಟ್ಯಾಂಕ್ ಹತ್ರಾನೇ ಹೋಗ್ಲಿಲ್ಲ. ನೆಲದ್ಮೇಲೆ ಪೇಪರ್ ಹಾಸಿ ಟ್ಯಾಂಕಿನ ತಳದ ಅಳತೆ ಗೀಚ್ಕೊಂಡು, ಒಳಗಡೆ ಸುತ್ತ 6 ಸೆಂಟಿಮೀಟರ್ ಬಿಟ್ಟು ಇನ್ನೊಂದು ಗೆರೆ ಎಳೆದೆ, ಅದು ಲಕ್ಷ್ಮಣರೇಖೆ, ಕಲ್ಲು ದಾಟಂಗಿಲ್ಲ. ಎತ್ತರ 25ಕ್ಕೆ ನಿಲ್ಲಿಸ್ದೆ, ಯಾಕಂದ್ರೆ ಕೋರಲ್ ಮೇಲಕ್ಕೂ ಬೆಳೀಬೇಕಲ್ವಾ. ಈ ಸಲ ಡ್ರೈ ರಾಕ್ (ಯಾವ ಜೀವಾನೂ ಇಲ್ಲದ ಒಣ ಕಲ್ಲು), ಬರೀ 8 ಕೆಜಿ. ಸುತ್ತಿಗೆ ಉಳಿ ಹಿಡ್ಕೊಂಡು ಒಡೆಯೋದ್ರಲ್ಲೇ ಅರ್ಧ ಭಾನುವಾರ ಹೋಯ್ತು (ಕನ್ನಡಕ ಹಾಕ್ಕೊಳ್ಳಿ, ಚೂರು ಸಿಡಿಯುತ್ತೆ). ತುಂಬಾ ಇಷ್ಟಪಟ್ಟು ತಂದಿದ್ದ ದೊಡ್ಡ ಕಲ್ಲೇ ಗೆರೆಯೊಳಗೆ ಕೂರ್ಲಿಲ್ಲ, ಅದನ್ನ ಒಡೆಯೋಕೆ ಮನಸ್ಸು ಬರೋಕೆ ಮೂರು ದಿನ ಬೇಕಾಯ್ತು.

ಕೊನೆಗೆ ಎಡಕ್ಕೊಂದು ದೊಡ್ಡ ಗುಡ್ಡ, ಬಲಕ್ಕೊಂದು ಮರಿಗುಡ್ಡ, ನಡುವೆ ಮರಳಿನ ದಾರಿ. ಸರಿಯಾಗಿ ಮಧ್ಯಕ್ಕೆ ಬರ್ದೇ ಇರೋ ಥರ ನೋಡ್ಕೊಂಡೆ, ಇಲ್ಲಾಂದ್ರೆ ಪೂಜೆಗೆ ಜೋಡಿಸಿಟ್ಟಂಗೆ ಕಾಣುತ್ತೆ. ಮರಿಗುಡ್ಡ ಬರೀ ಚಂದಕ್ಕಲ್ಲ, ಗ್ರೀನ್ ಸ್ಟಾರ್ ಪಾಲಿಪ್, ಝೀನಿಯಾ ಥರ ಕಳೆ ಹಂಗೆ ಹಬ್ಬೋ ಕೋರಲ್‌ಗಳು ಅಲ್ಲೇ ಇರ್ಲಿ ಅಂತ, ಮರಳು ದಾಟೋದು ಅವಕ್ಕೆ ಕಷ್ಟ. ಹ್ಯಾಮರ್ ಕೋರಲ್‌ಗೆ ದೊಡ್ಡ ಗುಡ್ಡದ ಒಂದು ತುದಿ ಪೂರ್ತಿ ಬಿಟ್ಟೆ, ರಾತ್ರಿ ಉದ್ದುದ್ದ ಎಳೆ ಚಾಚಿ ಅಕ್ಕಪಕ್ಕದೋರನ್ನ ಸುಡುತ್ತೆ ಅದು. ಗುಹೆಗೆ ಎರಡು ಬಾಯಿ ಇಟ್ಟೆ, ನೀರು ಒಳಗೆ ಹರಿದು ಆಚೆ ಹೋಗ್ಬೇಕು, ಇಲ್ಲಾಂದ್ರೆ ಮತ್ತೆ ಅದೇ ಕಸದ ಗುಂಡಿ.

ಅಂಟಿಸೋದಕ್ಕೆ ಎಪಾಕ್ಸಿ ಪುಟ್ಟಿ ಒಂದನ್ನೇ ನಂಬ್ಬೇಡಿ, ಕಲ್ಲಿಗೆ ಸರಿಯಾಗಿ ಹಿಡಿಯಲ್ಲ. ಸೂಪರ್ ಗ್ಲೂ ಜೆಲ್, ಅದ್ರ ಮೇಲೆ ಪುಟ್ಟಿ, ಮತ್ತೆ ಜೆಲ್, ಆಮೇಲೆ ಒತ್ತಿ ಹಿಡೀಬೇಕು. ಹೊರಗೆ ಚಾಚಿರೋ ಒಂದು ಕಲ್ಲಿಗೆ ಡ್ರಿಲ್ ಮಾಡಿ ಅಕ್ರಿಲಿಕ್ ರಾಡ್ ತೂರಿಸ್ದೆ. ಒಂದು ದಿನ ಬಿಟ್ಟು ಎತ್ತಿ ಅಲ್ಲಾಡಿಸಿ ನೋಡ್ಕೊಂಡು, ಮೊದ್ಲು ಗುಡ್ಡಗಳನ್ನ ತಳದ ಗಾಜಿನ ಮೇಲೇ ಕೂರಿಸಿ ಆಮೇಲೆ ಮರಳು ಹಾಕ್ದೆ, ಈಗ ಶ್ರಿಂಪ್ ಎಷ್ಟು ಬೇಕಾದ್ರೂ ತೋಡ್ಕೊಳ್ಳಲಿ.

ಡ್ರೈ ರಾಕ್ ಅಲ್ವಾ, ಮೀನಿನ ಕಸ ಅರಗಿಸೋ ಬ್ಯಾಕ್ಟೀರಿಯಾ ಸೊನ್ನೆ, ಅದಕ್ಕೆ ಮೀನಿಗೆ ವಿಷವಾದ ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆಗೆ ಬರೋಕೆ ಆರು ವಾರ ಕಾದೆ. ಒಂದೇ ಕೊರಗು, ಮರಿಗುಡ್ಡ ಇಳಿಸೋವಾಗ ಚೂರು ಮುಂದಕ್ಕೆ ಜಾರಿ ಗಾಜಿಗೆ 3 ಸೆಂಟಿಮೀಟರ್ ಮಾತ್ರ ಉಳೀತು, ಆಮೇಲೆ ಸರಿ ಮಾಡೋಣ ಅಂತ ಬಿಟ್ಟಿದ್ದು ಹಂಗೇ ಇದೆ, ಅಷ್ಟು ಜಾಗಕ್ಕೆ ಪ್ರತಿ ವಾರ ಹಳೇ ಟೂತ್‌ಬ್ರಷ್ಷೇ ಗತಿ.